ಗೌರಮ್ಮನ ಮುಖ

ಮದ್ರಸದಲ್ಲಿ ಕಲಿತವನಿಗೆ ಮುಖ ಬರೆಯುವ ಹುಚ್ಚೇಕೆ ಎಂದು ನೀವು ಕೇಳಬಹುದು. ಜೀವಿಗಳ ಚಿತ್ರದ ವಿಷಯದಲ್ಲಿ ಉಲಮಾಗಳು ಒಂದೇ ಮಾತಿನವರಲ್ಲ, ಹೆಚ್ಚಿನವರು ಬೇಡವೆನ್ನುತ್ತಾರೆ. ಅದು ತಿಳಿದೇ ಕುಂಚ ಹಿಡಿದಿದ್ದೇನೆ. ನಮಾಝ್ ಮಾಡುವ ಕೋಣೆಗೆ ಚಿತ್ರ ತರುವುದಿಲ್ಲವೆಂದು ಪತ್ನಿಗೆ ಮಾತು ಕೊಟ್ಟಿದ್ದೇನೆ.

ನಕಲು ಮಾಡುತ್ತಿರುವುದು ಕೊಡಗಿನ ರಾಜಕುಮಾರಿ ಗೌರಮ್ಮನ ಚಿತ್ರ. 1834ರಲ್ಲಿ ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರನ ಮಗಳು, ಕಾಶಿಯಲ್ಲಿ ಹುಟ್ಟಿದವಳು. 1852ರಲ್ಲಿ ತಂದೆಯೊಂದಿಗೆ ಇಂಗ್ಲೆಂಡಿಗೆ ಹೋದಳು. ಅದೇ ವರ್ಷ ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ಅವಳಿಗೆ ಜ್ಞಾನಸ್ನಾನವಾಯಿತು; ಜರ್ಮನಿಯ ವಿಂಟರ್‌ಹಾಲ್ಟರ್ ಅವಳನ್ನು ಚಿತ್ರಿಸಿದ. ಮೈತುಂಬ ಒಡವೆ, ಕೈಯಲ್ಲಿ ಬೈಬಲ್, ವಯಸ್ಸು 11! "ಇಷ್ಟು ಚಿಕ್ಕವಳಿಗೆ ಇಷ್ಟೊಂದು ಒಡವೆ ಯಾಕ್ರೀ?" ಎಂದಳು ಪತ್ನಿ. ಪ್ರದರ್ಶನಕ್ಕೆ ಎನ್ನದೆ ಬೇರೇನು ಹೇಳಲಿ?

ನಕಲು ಕೀಳಲ್ಲ. ಉಸ್ತಾದರ ಅಲಿಫ್ ನೋಡಿಯೇ ಅಲ್ಲವೇ ನಾವು ಸ್ಲೇಟಿನಲ್ಲಿ ತಿದ್ದಿದ್ದು? ಮುದ್ರಿತ ಚಿತ್ರಕ್ಕೆ ಚೌಕ ಎಳೆದು ರೇಖೆ ಇಳಿಸಿ, ಬರೀ ಕಂದು ಬಣ್ಣದಲ್ಲಿ ನೆರಳು ಬೆಳಕು ಹಾಕಬೇಕು. ಕೆಳಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನದಕ್ಕೆ ಅಗಸೆ ಎಣ್ಣೆ ಹೆಚ್ಚು. ತಲೆಕೆಳಗಾದರೆ ಬಣ್ಣ ಬಿರುಕು ಬಿಡುತ್ತದೆ. ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ನಮ್ಮ ಕಕ್ಕಡದ ಮಳೆಯಲ್ಲಿ ಒಂದು ಪದರಕ್ಕೆ ವಾರವೂ ಸಾಲದು. ಕೆನ್ನೆಯ ಮೇಲಂತೂ ಕುಂಚದ ಗುರುತೇ ಕಾಣಬಾರದು, ಹಳೆಯ ಯುರೋಪಿನ ಶಾಸ್ತ್ರೀಯ ಗುರುಗಳ ಪಟ್ಟು ಅದು.

ಗೌರಮ್ಮ 1864ರಲ್ಲಿ, 22ರ ಹರೆಯದಲ್ಲಿ, ಇಂಗ್ಲೆಂಡಿನ ಮಣ್ಣಿಗೇ ಸೇರಿದಳು. ನನ್ನ ಹಲಗೆಯ ಮೇಲೆ ಒಡವೆ, ಉಡುಪು ಮುಗಿದಿವೆ. ಕಣ್ಣು ಬಾಕಿ ಇದೆ.