ಸಾಕಿದವರು ಹೋದ ಮೇಲೆ

ರತನ್ ಟಾಟಾ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೆ ಅವರ ಉಯಿಲಿನ ವಿವರಗಳು ಪತ್ರಿಕೆಗಳಲ್ಲಿ ಬಂದವು. ತಮ್ಮ ಜರ್ಮನ್ ಶೆಫರ್ಡ್ ನಾಯಿ ಟಿಟೊ ಬದುಕಿರುವವರೆಗೂ ಅದರ ಪಾಲನೆಗೆ ಅವರು ಏರ್ಪಾಡು ಮಾಡಿದ್ದರೆಂದೂ ಹೊಣೆಯನ್ನು ಮನೆಯ ಅಡುಗೆಯವರಿಗೇ ವಹಿಸಿದ್ದರೆಂದೂ ವರದಿಯಾಯಿತು. ಅಷ್ಟು ಹಣ ಎಲ್ಲರ ಬಳಿ ಇರುವುದಿಲ್ಲ, ನಿಜ. ಆದರೆ ನಾಯಿಗೆ ಗುರುತಿರುವ ಒಬ್ಬರ ಹೆಸರನ್ನು ಕಾಗದದ ಮೇಲೆ ಬರೆದಿಡಲು ಯಾರೂ ಟಾಟಾ ಆಗಬೇಕಿಲ್ಲ. ನಾಯಿ ಹತ್ತು ಹದಿನೈದು ವರ್ಷ ಬಾಳುತ್ತದೆ, ಬೆಕ್ಕು ಇಪ್ಪತ್ತನ್ನು ಮುಟ್ಟುವುದೂ ಉಂಟು, ಆಫ್ರಿಕಾದ ಬೂದು ಗಿಳಿ ನಲವತ್ತು ದಾಟಬಲ್ಲದು. ಮಕ್ಕಳೆಲ್ಲ ದೂರದ ಊರುಗಳಲ್ಲಿ ನೆಲೆಸಿದಾಗ, ಅರವತ್ತು ದಾಟಿದ ತಂದೆತಾಯಿ ಒಂಟಿತನ ನೀಗಲೆಂದು ಮರಿಯೊಂದನ್ನು ತಂದುಕೊಳ್ಳುತ್ತಾರೆ. ಯಾರು ಮೊದಲು ಹೋಗುತ್ತಾರೆಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಕಾನೂನು ತಾನಾಗಿ ಕೈಹಿಡಿಯುತ್ತದೆಂದು ನಂಬುವಂತಿಲ್ಲ. ಅದರ ಕಣ್ಣಿಗೆ ಸಾಕುಪ್ರಾಣಿ ಆಸ್ತಿ. ಯಜಮಾನರು ಕಣ್ಮುಚ್ಚಿದರೆ ಪಾತ್ರೆಪಗಡದೊಂದಿಗೆ ವಾರಸುದಾರರ ಪಾಲಿಗೆ ಬರುತ್ತದೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಆಸ್ತಿ ಹೊಂದಬಲ್ಲ ವ್ಯಕ್ತಿ ಮಾತ್ರ ಫಲಾನುಭವಿಯಾಗಬಹುದು. ಹಾಗಾಗಿ ನಾಯಿಯ ಹೆಸರಿಗೇ ದುಡ್ಡು ಬರೆದರೆ ಅದು ನಿಲ್ಲುವುದಿಲ್ಲ. ನಂಬಿಕಸ್ಥರಿಗೋ ಸಂಸ್ಥೆಗೋ, ಈ ಪ್ರಾಣಿಯನ್ನು ಸಾಕಬೇಕೆಂಬ ಷರತ್ತಿನೊಡನೆ ಬರೆಯಬೇಕು. ವಾರಸುದಾರರು ಅದನ್ನು ಬೀದಿಗೆ ಬಿಟ್ಟರೆ? ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೇ. ಆ ಕಾಯ್ದೆ ಮೊದಲ ಸಲಕ್ಕೆ ಹೇಳಿದ ದಂಡ 10ರಿಂದ 50 ರೂಪಾಯಿ.

ಹೀಗಾಗಿ ಬಹಳ ಮಂದಿಗೆ ಉಳಿಯುವ ದಾರಿ ಶೆಲ್ಟರ್. ಇಲ್ಲಿಯೇ ನನ್ನ ಮುಖ್ಯ ಆತಂಕ ಇರುವುದು. ‘ನಿಮ್ಮ ನಂತರ ನಾವು ನೋಡಿಕೊಳ್ಳುತ್ತೇವೆ’ ಎಂದು ಸಂಸ್ಥೆ ಮಾತು ಕೊಡುತ್ತದೆ, ದೇಣಿಗೆ ಪಡೆಯುತ್ತದೆ. ಆ ಮಾತು ತಪ್ಪಿದ ದಿನ ದುಡ್ಡು ಕೊಟ್ಟವರು ಬದುಕಿಲ್ಲ, ಯಾರಿಗಾಗಿ ಕೊಟ್ಟರೋ ಅದಕ್ಕೆ ಬಾಯಿಲ್ಲ. ದೂರು ಹೇಳುವವರೇ ಇಲ್ಲದ ಒಪ್ಪಂದ ಅದು. ಹತ್ತು ವರ್ಷ ಮಂಚದ ಪಕ್ಕ ಮಲಗಿದ ನಾಯಿ ಒಮ್ಮೆಲೇ ಹತ್ತಾರು ನಾಯಿಗಳ ನಡುವೆ ಬಂದರೆ ಊಟ ಬಿಡುತ್ತದೆ, ಪಾರ್ವೊ, ಡಿಸ್ಟೆಂಪರ್‌ನಂಥ ಅಂಟುರೋಗಗಳಿಗೆ ಒಡ್ಡಿಕೊಳ್ಳುತ್ತದೆ. ದತ್ತು ಕೇಳಿ ಬರುವವರಿಗೆ ಬೇಕಾದದ್ದು ಮರಿ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು ಶೆಲ್ಟರುಗಳಿಗೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಇರುವ ಜಾಗಕ್ಕೇ ಇನ್ನಷ್ಟು ಜೀವಗಳು ಬರುತ್ತವೆ. ಹಣದ ಲೆಕ್ಕಕ್ಕೆ ಆಡಿಟರ್ ಇರುತ್ತಾರೆ. ಎಷ್ಟು ಬಂದವು, ಎಷ್ಟಕ್ಕೆ ಮನೆ ಸಿಕ್ಕಿತು, ಎಷ್ಟು ಸತ್ತವು, ಯಾವ ಕಾರಣಕ್ಕೆ ಎಂಬ ಲೆಕ್ಕ ಸಾರ್ವಜನಿಕರ ಕೈಗೆ ಸಿಗುವುದು ಅಪರೂಪ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಶೆಲ್ಟರುಗಳು ಈ ಅಂಕಿಗಳನ್ನು ವರ್ಷವರ್ಷವೂ ಸರ್ಕಾರಕ್ಕೆ ಒಪ್ಪಿಸಬೇಕು. ನಮ್ಮಲ್ಲಿಯೂ ಪ್ರಾಣಿ ಕಲ್ಯಾಣ ಮಂಡಳಿ ತಾನು ಮಾನ್ಯತೆ ಕೊಡುವ ಪ್ರತಿ ಶೆಲ್ಟರಿನಿಂದ ಈ ಪಟ್ಟಿಯನ್ನು ಪಡೆದು ಪ್ರಕಟಿಸಲಿ.

ಸಂಬಳವಿಲ್ಲದೆ, ಹಗಲುರಾತ್ರಿ ಹುಳು ಬಿದ್ದ ಗಾಯ ತೊಳೆಯುವವರನ್ನು ಲೆಕ್ಕ ಕೇಳುವುದು ಅವಮಾನವಲ್ಲವೇ ಎಂದು ಹೇಳುವವರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಅಪಘಾತದ ಪ್ರಾಣಿಗಳನ್ನೇ ಹೆಚ್ಚಾಗಿ ತೆಗೆದುಕೊಳ್ಳುವಲ್ಲಿ ಸಾವೂ ಹೆಚ್ಚಿರುತ್ತದೆ; ಬರೀ ಅಂಕಿ ನೋಡಿ ದೂಷಿಸಿದರೆ ಅನ್ಯಾಯ. ಅದಕ್ಕೇ ಕಾರಣಸಹಿತ ರಿಜಿಸ್ಟರ್ ಬೇಕು. ಪ್ರಾಮಾಣಿಕರಿಗೆ ಅದೇ ರಕ್ಷೆ. ಜಾಗವಿಲ್ಲ ಎಂದು ಬಾಯಿಬಿಟ್ಟು ಹೇಳುವ ಸಂಸ್ಥೆಯನ್ನು, ಬಂದದ್ದನ್ನೆಲ್ಲ ತುಂಬಿಕೊಳ್ಳುವ ಸಂಸ್ಥೆಗಿಂತ ನಾನು ಹೆಚ್ಚು ನಂಬುತ್ತೇನೆ. ‘ಮಕ್ಕಳು ನೋಡಿಕೊಳ್ಳುತ್ತಾರೆ ಬಿಡಿ’ ಎಂಬ ಮಾತೂ ಇದೆ. ನೋಡಿಕೊಳ್ಳಬಹುದು, ಬಾಡಿಗೆ ಮನೆಯ ಓನರ್ ಒಪ್ಪಬೇಕು, ಮಗುವಿಗೆ ಅಲರ್ಜಿ ಇರಬಾರದು. ಈಗಲೇ ಕೇಳಿ ‘ಆಗುವುದಿಲ್ಲ’ ಎನ್ನಿಸಿಕೊಂಡರೆ ಬೇರೆಯವರನ್ನು ಹುಡುಕಲು ಸಮಯವಾದರೂ ಇರುತ್ತದೆ.

ಮನೆಯಲ್ಲಿ ನಾಯಿ ಬೆಕ್ಕು ಇರುವ ಹಿರಿಯರೇ, ಸಾಕುವವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದಿಡಿ. ಅವರಿಗೂ ಆಗದಿದ್ದರೆ ಇರಲೆಂದು ಎರಡನೆಯ ಹೆಸರನ್ನೂ ಸೇರಿಸಿ. ಲಸಿಕೆಯ ಕಾರ್ಡು, ಅದು ತಿನ್ನುವ ಆಹಾರ, ಡಾಕ್ಟರ ನಂಬರು ಜೊತೆಗಿರಲಿ. ಶೆಲ್ಟರಿಗೇ ಬಿಡುವುದಾದರೆ, ಅಲ್ಲಿಗೆ ಹೋಗಿ ಪ್ರಾಣಿಯನ್ನು ನೋಡಿಬರುವ, ಹಣ ಖರ್ಚಾದ ಬಗೆ ಕೇಳುವ ಹಕ್ಕನ್ನು ಬದುಕಿರುವ ಒಬ್ಬರಿಗೆ ಬರಹದಲ್ಲಿ ಕೊಡಿ. ಸಹಿ ಹಾಕುವ ಮುನ್ನ, ಹೇಳದೆ ಕೇಳದೆ ಒಂದು ದಿನ ಅಲ್ಲಿಗೆ ಹೋಗಿ ಬನ್ನಿ. ಒಳಗೆ ಬಿಡದ ಕಡೆ ಒಂದು ರೂಪಾಯಿಯನ್ನೂ ಬರೆದಿಡಬೇಡಿ.