ಬಾಗಿಲು ತೆರೆಯುವ ಒಂಬತ್ತು ಇರುಳು

ಮೆಕ್ಸಿಕೋ ದೇಶದ ದಕ್ಷಿಣ ಭಾಗದಲ್ಲಿ, ಸುತ್ತಲೂ ಬೆಟ್ಟಗಳು ಕಾವಲು ನಿಂತಿರುವ ಬಯಲೊಂದರಲ್ಲಿ, ವಹಾಕಾ ಎಂಬ ನಗರವುಂಟು. ಬೆಂಗಳೂರಿಗಿಂತ ಆರುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು. ಹಗಲು ಬಿಸಿಲು ಚುರುಕಾಗಿಯೇ ಇದ್ದರೂ ಡಿಸೆಂಬರ್ ತಿಂಗಳ ಸಂಜೆ ಹೆಗಲ ಮೇಲೊಂದು ಶಾಲಿಲ್ಲದೆ ಹೊರಡುವಂತಿಲ್ಲ. ನಸುಹಸಿರು ಬಣ್ಣದ ಕಲ್ಲಿನಿಂದ ಕಟ್ಟಿದ ಹಳೆಯ ಚರ್ಚುಗಳು, ಒಂದೇ ಅಂತಸ್ತಿನ ಬಣ್ಣಬಣ್ಣದ ಮನೆಗಳು, ಉದ್ದಕ್ಕೂ ನೇರವಾಗಿ ಸಾಗುವ ಬೀದಿಗಳು. ಇಂತಹ ಬೀದಿಯೊಂದರಲ್ಲಿ 16ನೆಯ ತಾರೀಖಿನ ಸಂಜೆ ಸುಮ್ಮನೆ ಅಡ್ಡಾಡುತ್ತಿರುವ ಪ್ರವಾಸಿಗನ ಕೈಗೆ ಯಾರೋ ಒಬ್ಬರು ಉರಿಯುವ ಮೇಣದ ಬತ್ತಿಯೊಂದನ್ನು ಕೊಟ್ಟರೆ ಅವನು ಬೆರಗಾಗಬೇಕಾಗಿಲ್ಲ. ಅವನು ಯಾವ ದೇಶದವನು, ಯಾವ ದೇವರನ್ನು ನಂಬಿದವನು ಎಂದು ಅಲ್ಲಿ ಕೇಳುವವರಿಲ್ಲ. ಬತ್ತಿ ಕೈಗೆ ಬಂದಿತೆಂದರೆ ಅವನು ಆ ಗುಂಪಿನವನೇ ಆದನು, ಮನೆಯಿಲ್ಲದವರ ಗುಂಪಿನವನು.

ಪೊಸಾದಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಛತ್ರ, ತಂಗುದಾಣ. ತುಂಬು ಗರ್ಭಿಣಿಯಾದ ಮರಿಯಳನ್ನು ಕರೆದುಕೊಂಡು ಯೋಸೇಫನು ಬೆತ್ಲೆಹೇಮಿನಲ್ಲಿ ತಂಗಲು ಎಡೆ ಸಿಗದೆ ಪಟ್ಟ ಪಾಡನ್ನು ಈ ಜನರು 16ರಿಂದ 24ರವರೆಗೆ ಒಂಬತ್ತು ಇರುಳು ಬೀದಿಯಲ್ಲಿ ಆಡಿ ತೋರಿಸುತ್ತಾರೆ. ತಾಯಿಯ ಗರ್ಭದಲ್ಲಿ ಮಗುವಿದ್ದ ಒಂಬತ್ತು ತಿಂಗಳುಗಳ ನೆನಪಿಗೆ ಒಂಬತ್ತು ಇರುಳು ಎಂದು ಹೇಳುವುದುಂಟು. ಮುಂದೆ ಇಬ್ಬರು ಮಕ್ಕಳು ಯೋಸೇಫ ಮರಿಯರ ವೇಷದಲ್ಲಿ ನಡೆಯುತ್ತಾರೆ. ಮಕ್ಕಳಿಲ್ಲದ ಕಡೆ ಆ ದಂಪತಿಗಳ ಮಣ್ಣಿನ ಮೂರ್ತಿಗಳನ್ನು ಹಲಗೆಯ ಮೇಲಿಟ್ಟು ಹೊತ್ತು ನಡೆಯುತ್ತಾರೆ. ಹಿಂದೆ ಹೆಂಗಸರು, ಮುದುಕರು, ನಾಯಿಗಳು, ಸುರುಸುರುಬತ್ತಿ ಹಿಡಿದ ಹುಡುಗರು.

ಮೆರವಣಿಗೆ ಒಂದು ಮನೆಯ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತದೆ. ಹೊರಗಿನವರು ಹಾಡಿನಲ್ಲಿ ಯಾಚಿಸುತ್ತಾರೆ. ಒಳಗಿನವರು ಹಾಡಿನಲ್ಲಿಯೇ ಇಲ್ಲವೆನ್ನುತ್ತಾರೆ. ನೀವು ಕಳ್ಳರಿರಬಹುದು, ಹೊರಟುಹೋಗಿ, ಇಲ್ಲವಾದರೆ ಕೋಲು ತೆಗೆದುಕೊಳ್ಳುತ್ತೇವೆ ಎಂಬ ಧಾಟಿಯ ಮಾತು. ಹೊರಗಿನವರು ತಮ್ಮ ದಣಿವನ್ನು ಹೇಳಿಕೊಳ್ಳುತ್ತಾರೆ, ನಜರೇತಿನಿಂದ ಬಂದೆವೆನ್ನುತ್ತಾರೆ, ತಾನು ಬಡಗಿಯೆಂದು ಯೋಸೇಫನು ಹೇಳುತ್ತಾನೆ. ಒಳಗಿನವರ ಮನಸ್ಸು ಕರಗುವುದಿಲ್ಲ. ಇದು ಆಟವೆಂದು ಎಲ್ಲರಿಗೂ ಗೊತ್ತು. ಆದರೂ ಕತ್ತಲಲ್ಲಿ, ಚಳಿಯಲ್ಲಿ, ಕೈಮೇಲೆ ಮೇಣ ತೊಟ್ಟಿಕ್ಕುತ್ತಿರುವಾಗ ಮುಚ್ಚಿದ ಬಾಗಿಲಿನ ಹಿಂದಿನಿಂದ ಬರುವ ನಿರಾಕರಣೆ ಪರದೇಶದಿಂದ ಬಂದವನ ಮೈಯನ್ನು ಒಂದು ಗಳಿಗೆ ಮುಟ್ಟದೆ ಇರುವುದಿಲ್ಲ. ಬಂದವಳು ಯಾರೆಂಬುದು ಕೊನೆಗೆ ಒಳಗಿನವರಿಗೆ ತಿಳಿಯುತ್ತದೆ. ಆಗ ಹಾಡಿನ ಧಾಟಿಯೇ ಬದಲಾಗಿ ಬಾಗಿಲು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಯಾತ್ರಿಕರೆಲ್ಲರೂ ಒಳಗೆ ಬನ್ನಿರೆಂದು ಮನೆಯವರೆಲ್ಲ ಕೊರಳೆತ್ತಿ ಕರೆಯುತ್ತಾರೆ. ಮೇಣದ ಬತ್ತಿ ಹಿಡಿದ ಅಪರಿಚಿತನೂ ಒಳಗೆ ಹೋಗಲೇಬೇಕು.

ಒಳಗೆ ಮೊದಲು ಪ್ರಾರ್ಥನೆ, ಆಮೇಲೆ ಪೋಂಚೆ. ಇದು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿರುವ ಹಣ್ಣಿನ ಬಿಸಿಪಾನಕ. ಸೀಬೆಹಣ್ಣು, ಕಬ್ಬಿನ ತುಂಡು, ದಾಲ್ಚಿನ್ನಿ, ತೆಹೊಕೋತೆ ಎಂಬ ಪುಟ್ಟ ಹಳದಿ ಹಣ್ಣು, ಸಿಹಿಗೆ ಅಚ್ಚುಬೆಲ್ಲದಂತಹದೇ ಬೆಲ್ಲ. ಕನ್ನಡನಾಡಿನಿಂದ ಹೋದವನಿಗೆ ಈ ಲೋಟದಲ್ಲಿ ಒಂದು ಸ್ವಾರಸ್ಯವುಂಟು. ನಮ್ಮ ಹಿತ್ತಿಲಿನದೇ ಎಂದು ನಾವು ತಿಳಿದಿರುವ ಸೀಬೆ ಅಮೆರಿಕ ಖಂಡದಿಂದ ಇಲ್ಲಿಗೆ ಬಂದ ಅತಿಥಿ. ಮೆಕ್ಸಿಕೋದವರು ತಮ್ಮದೇ ಎಂದು ಜಗಿಯುವ ಕಬ್ಬು ಏಷ್ಯದಿಂದ ಅಲ್ಲಿಗೆ ಹೋದ ಅತಿಥಿ.

ಈ ಪದ್ಧತಿಯ ಮೂಲವನ್ನು ಹುಡುಕುವವರು ರಾಜಧಾನಿಯ ಈಶಾನ್ಯಕ್ಕಿರುವ ಅಕೋಲ್ಮಾನ್ ಊರಿನ ಅಗಸ್ಟಿನ್ ಪಂಥದ ಹಳೆಯ ಮಠಕ್ಕೆ ಹೋಗುತ್ತಾರೆ. ಕೋಟೆಯಂತಹ ಗೋಡೆಗಳ, ಕುಸುರಿ ಕೆತ್ತನೆಯ ಮುಂಬಾಗಿಲಿನ 16ನೆಯ ಶತಮಾನದ ಕಟ್ಟಡವದು. ಅಲ್ಲಿನ ಮಠಾಧಿಪತಿ ದಿಯೇಗೋ ದೆ ಸೋರಿಯಾ ಎಂಬವರು ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ದಿನ ಬಯಲಿನಲ್ಲಿ ಬಲಿಪೂಜೆ ನಡೆಸಲು 1587ರ ಸುಮಾರಿಗೆ ಪೋಪ್ ಐದನೆಯ ಸಿಕ್ಸ್ಟಸ್ ಅವರಿಂದ ಅಪ್ಪಣೆ ಪಡೆದರೆಂದು ಹೇಳುತ್ತಾರೆ. ಪಾದ್ರಿಗಳು ಡಿಸೆಂಬರ್ ತಿಂಗಳನ್ನು ಅಷ್ಟೊಂದು ಮುತುವರ್ಜಿಯಿಂದ ಹಿಡಿದುಕೊಂಡುದಕ್ಕೆ ಕಾರಣವೂ ಇದ್ದಿತು. ಸ್ಪೇನಿನವರು 1521ರಲ್ಲಿ ಈ ನಾಡನ್ನು ಗೆಲ್ಲುವುದಕ್ಕೆ ಮುಂಚೆ ಅಸ್ಟೆಕ್ ಜನರು ತಮ್ಮ ಯುದ್ಧದೇವತೆಯಾದ ವಿತ್ಸಿಲೊಪೊಚ್ತ್ಲಿಯ ದೊಡ್ಡ ಹಬ್ಬವನ್ನು ಆಚರಿಸುತ್ತಿದ್ದುದೂ ವರ್ಷದ ಈ ಕಾಲದಲ್ಲಿಯೇ. ರಾಜಗಿರಿ ಬೀಜದ ಹಿಟ್ಟಿನಿಂದ ದೇವರ ಮೂರ್ತಿಯನ್ನು ಮಾಡಿ, ಮುರಿದು, ಪ್ರಸಾದವಾಗಿ ಹಂಚಿಕೊಂಡು ತಿನ್ನುತ್ತಿದ್ದರು. ದೇವಾಲಯಗಳು ಉರುಳಿದವು; ತಿಂಗಳು ಮಾತ್ರ ಉರುಳಲಿಲ್ಲ. ಅದೇ ರಾಜಗಿರಿಯ ಚಿಕ್ಕಿ ಇಂದಿಗೂ ಆ ದೇಶದ ಬೀದಿಗಳಲ್ಲಿ ಮಾರಾಟವಾಗುತ್ತದೆ. ಅದರ ಹೆಸರು ಅಲೆಗ್ರಿಯಾ, ಎಂದರೆ ಸಂತೋಷ.

ಪಿನ್ಯಾತಾ ಒಡೆಯುವ ಆಟವೂ ಅಕೋಲ್ಮಾನಿನಲ್ಲಿಯೇ ಹುಟ್ಟಿತೆಂದು ಆ ಊರಿನವರ ಹೆಮ್ಮೆ. ಮಣ್ಣಿನ ಗಡಿಗೆಗೆ ಕಾಗದ ಮೆತ್ತಿ, ಏಳು ಕೊಂಬುಗಳನ್ನಿಟ್ಟು, ಬಣ್ಣದ ಕಾಗದದಿಂದ ಸಿಂಗರಿಸಿ ಹಗ್ಗದಲ್ಲಿ ತೂಗುಬಿಡುತ್ತಾರೆ. ಏಳು ಕೊಂಬುಗಳೆಂದರೆ ಏಳು ಮಹಾಪಾಪಗಳು. ಕೋಲು ಸದ್ಗುಣ, ಕಣ್ಣಿಗೆ ಕಟ್ಟಿದ ಬಟ್ಟೆ ಕುರುಡು ನಂಬಿಕೆ, ಗಡಿಗೆ ಒಡೆದಾಗ ಸುರಿಯುವ ಕಿತ್ತಳೆ, ಕಡಲೆಕಾಯಿ, ಕಬ್ಬು, ಮಿಠಾಯಿಗಳು ದೇವರ ಕೃಪೆ. ಹೀಗೆಂದು ಪಾದ್ರಿಗಳ ವ್ಯಾಖ್ಯಾನ. ಕೋಲು ಹಿಡಿದ ಮಗುವಿಗೆ ಇದೊಂದೂ ಬೇಕಾಗಿಲ್ಲ. ಸುತ್ತಲಿನವರು ಎಡಕ್ಕೆ, ಬಲಕ್ಕೆ ಎಂದು ಕೂಗಿ ದಾರಿ ತಪ್ಪಿಸುತ್ತಾರೆ; ಹಗ್ಗ ಹಿಡಿದವನು ಗಡಿಗೆಯನ್ನು ಸರಕ್ಕನೆ ಮೇಲಕ್ಕೆಳೆಯುತ್ತಾನೆ. ಗೋಕುಲಾಷ್ಟಮಿಯಲ್ಲಿ ಮೊಸರುಕುಡಿಕೆಯನ್ನು ಕಂಡವನಿಗೆ ಈ ಗದ್ದಲವನ್ನು ಯಾರೂ ವಿವರಿಸಬೇಕಾಗಿಲ್ಲ. ಈಚೆಗೆ ಅನೇಕ ಕಡೆ ಮಣ್ಣಿನ ಗಡಿಗೆಗೆ ಬದಲಾಗಿ ರಟ್ಟಿನದನ್ನು ಬಳಸುತ್ತಾರೆ. ಮಕ್ಕಳ ತಲೆಗೆ ಕ್ಷೇಮವೇನೋ ಸರಿ, ಆದರೆ ಮಡಕೆ ಒಡೆಯುವ ಸದ್ದು ರಟ್ಟಿಗೆ ಎಲ್ಲಿಂದ ಬರಬೇಕು?

ವಹಾಕಾ ನಗರಕ್ಕೆ ಹಬ್ಬ ಪೊಸಾದಾದಿಂದಲೇ ಮೊದಲಾಗುವುದಿಲ್ಲ. ಡಿಸೆಂಬರ್ 12 ಗ್ವಾದಲೂಪೆಯ ಮಾತೆಯ ದಿನ. ದೇಶಕ್ಕೆ ದೇಶವೇ ಅಂದು ಎಚ್ಚರವಾಗಿರುತ್ತದೆ. 18ರಂದು ಈ ಊರಿನ ಅಧಿದೇವತೆ ಸೊಲೆದಾದ್ ಮಾತೆಯ, ಎಂದರೆ ಏಕಾಂತದ ತಾಯಿಯ, ಉತ್ಸವ. ಅಂಗಡಿಗಳ ಸಾಲಿನಲ್ಲಿ ಬುನ್ಯುಯೆಲೋ ಎಂಬ ತಿಂಡಿ. ಹಪ್ಪಳದಷ್ಟು ತೆಳುವಾಗಿ ಕರಿದು, ಬೆಲ್ಲದ ಪಾಕ ಸುರಿದು ಮಣ್ಣಿನ ತಟ್ಟೆಯಲ್ಲಿ ಕೊಡುತ್ತಾರೆ. ತಿಂದಾದ ಮೇಲೆ ಮನಸ್ಸಿನಲ್ಲಿ ಏನಾದರೊಂದನ್ನು ಬೇಡಿಕೊಂಡು ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆಯಬೇಕೆಂಬುದು ಇಲ್ಲಿನ ಸಂಪ್ರದಾಯ. ಪರರ ಮನೆಯ ಪಾತ್ರೆ ಒಡೆದರೆ ಬೈಗುಳ ತಿನ್ನುವ ನಾಡಿನಿಂದ ಬಂದವನಿಗೆ ಮೊದಲ ತಟ್ಟೆಯನ್ನು ಒಡೆಯುವುದು ಅಷ್ಟು ಸುಲಭವಲ್ಲ.

23ನೆಯ ತಾರೀಖು ಮೂಲಂಗಿಯ ಇರುಳು. ಊರ ನಡುವಿನ ಚೌಕವಾದ ಸೋಕಲೋದಲ್ಲಿ ಸಾಲುಸಾಲಾಗಿ ಮೇಜುಗಳನ್ನು ಹಾಕಿ, ಮೂಲಂಗಿಯಲ್ಲಿ ಕೆತ್ತಿದ ಬೊಂಬೆಗಳನ್ನು ಇಟ್ಟಿರುತ್ತಾರೆ. ಮೂಲಂಗಿ ಸ್ಪೇನಿನಿಂದ ಬಂದ ತರಕಾರಿ. ಹಬ್ಬದ ಹಿಂದಿನ ಸಂತೆಯಲ್ಲಿ ಗಿರಾಕಿಗಳ ಕಣ್ಣು ಸೆಳೆಯಲು ತೋಟಿಗರು ಅದರಲ್ಲಿ ಬೊಂಬೆ ಕೆತ್ತಿ ಇಡುತ್ತಿದ್ದರಂತೆ. 1897ರಲ್ಲಿ ಊರಿನ ಆಡಳಿತವೇ ಅದನ್ನು ಸ್ಪರ್ಧೆಯಾಗಿ ಮಾಡಿತು. ಇದಕ್ಕೆಂದೇ ಬೆಳೆದ ಮೂಲಂಗಿಯನ್ನು ಬಹುಕಾಲ ಮಣ್ಣಿನಲ್ಲಿಯೇ ಬಿಡುವುದರಿಂದ ಅದು ಅರ್ಧ ಮೀಟರು ಉದ್ದಕ್ಕೂ ಬೆಳೆಯುತ್ತದೆ, ಅಂಕುಡೊಂಕಾಗಿ ಕವಲೊಡೆಯುತ್ತದೆ. ಆ ಕವಲುಗಳೇ ಕೈ, ಕಾಲು, ದೇವದೂತರ ರೆಕ್ಕೆ. ಮೇಲಿನ ಕೆಂಪು ಸಿಪ್ಪೆಯನ್ನು ಕೆರೆದರೆ ಒಳಗಿನ ಬಿಳುಪು ಮುಖವಾಗುತ್ತದೆ, ಸೆರಗಿನ ಅಂಚಾಗುತ್ತದೆ. ಗೋದಲಿಯಲ್ಲಿ ಮಲಗಿದ ಬಾಲಯೇಸು, ಮೂವರು ಜ್ಞಾನಿಗಳು, ಸೊಲೆದಾದ್ ಮಾತೆಯ ಮೆರವಣಿಗೆ, ತಮ್ಮ ಹಳ್ಳಿಯ ಮದುವೆ, ಹೀಗೆ ಎಲ್ಲವೂ ಮೂಲಂಗಿ. ಒಣಹೂವಿನಲ್ಲಿಯೂ ಮುಸುಕಿನ ಜೋಳದ ಸಿಪ್ಪೆಯಲ್ಲಿಯೂ ಮಾಡಿದ ಬೊಂಬೆಗಳಿಗೆ ಬೇರೆ ಬಹುಮಾನಗಳುಂಟು.

ಈ ಶಿಲ್ಪದ ಆಯುಷ್ಯ ಮಾತ್ರ ಕೆಲವೇ ಗಂಟೆಗಳು. ನೀರು ಚಿಮುಕಿಸುತ್ತಲೇ ಇದ್ದರೂ ಗಾಳಿ ತಗುಲಿದ ಮೂಲಂಗಿ ಬಾಡುತ್ತದೆ, ಬಿಳುಪು ಕಂದುತ್ತದೆ, ದೇವದೂತನ ರೆಕ್ಕೆ ಜೋತುಬೀಳುತ್ತದೆ. ಸಾವಿರಾರು ಜನರ ಸಾಲು ಮೇಜುಗಳ ಮುಂದೆ ಆಮೆಯಂತೆ ಸರಿಯುತ್ತದೆ. ಕೊನೆಯಲ್ಲಿ ನಿಂತವನು ನೋಡುವುದು ಮೊದಲು ನಿಂತವನು ನೋಡಿದ ಬೊಂಬೆಯನ್ನಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿನಲ್ಲಿ ಪರಸ್ಥಳದವರೇ ಕಿಕ್ಕಿರಿದಿರುತ್ತಾರೆ, ಎಲ್ಲರ ಕೈಯಲ್ಲಿಯೂ ಕ್ಯಾಮರಾ ಅಥವಾ ಫೋನು. ಬೆಳೆದ ರೈತನು ಮೇಜಿನ ಹಿಂದೆ ನಿಂತಿರುತ್ತಾನೆ. ಬೊಂಬೆಯ ಚಿತ್ರ ತೆಗೆದವರಲ್ಲಿ ಎಷ್ಟು ಮಂದಿ ತಲೆಯೆತ್ತಿ ಅವನ ಮುಖ ನೋಡಿದರೆಂಬುದು ಬೇರೆಯ ಮಾತು.

24ರ ರಾತ್ರಿ ಇದಕ್ಕೆ ತೀರ ವಿರುದ್ಧ. ಅಂದು ನೋಟಕನಿಗೆ ಸಾಲೇ ಇಲ್ಲ, ಹಬ್ಬವೇ ಅವನನ್ನು ಸುತ್ತಿಕೊಳ್ಳುತ್ತದೆ. ನಗರದ ಒಂದೊಂದು ಚರ್ಚಿನಿಂದಲೂ ಕಲೆಂದಾ ಎಂಬ ಮೆರವಣಿಗೆ ಹೊರಟು ಸೋಕಲೋವಿಗೆ ಬರುತ್ತದೆ. ಹಿತ್ತಾಳೆಯ ವಾದ್ಯಗಳ ಬ್ಯಾಂಡು, ಆಳೆತ್ತರವನ್ನೂ ಮೀರಿದ ಕಾಗದದ ರಾಕ್ಷಸಬೊಂಬೆಗಳ ಕುಣಿತ, ಬಿಳಿಯ ಬಟ್ಟೆಯ ದೊಡ್ಡ ಗೋಳಗಳು, ಬಾಣಬಿರುಸು, ಲಾರಿಯ ಮೇಲೆ ದೇವದೂತರಾಗಿ ಕುಳಿತು ನಿದ್ದೆ ತೂಗುತ್ತಿರುವ ಮಕ್ಕಳು. ಇಷ್ಟೆಲ್ಲ ಸದ್ದಿನ ನಡುವೆ ಒಬ್ಬ ಹೆಂಗಸು ಮಾತ್ರ ಮೆಲ್ಲನೆ ಹೆಜ್ಜೆಯಿಡುತ್ತಾಳೆ. ಅವಳ ಎರಡು ಕೈಗಳಲ್ಲಿ ಬಾಲಯೇಸುವಿನ ಪುಟ್ಟ ಮೂರ್ತಿ. ಅವಳು ಆ ವರ್ಷದ ಮದ್ರೀನಾ, ಎಂದರೆ ಮಗುವಿನ ಧರ್ಮತಾಯಿ. ಚೌಕವನ್ನು ಸುತ್ತಿ ಮೆರವಣಿಗೆಗಳು ತಂತಮ್ಮ ಚರ್ಚಿಗೆ ಹಿಂದಿರುಗುತ್ತವೆ. ಅಲ್ಲಿ ನಡುರಾತ್ರಿಯ ಬಲಿಪೂಜೆ. ಅದಕ್ಕೆ ಕೋಳಿಯ ಪೂಜೆ ಎಂದು ಹೆಸರು, ಹುಂಜ ಕೂಗುವ ಹೊತ್ತಿನದೆಂಬ ಅರ್ಥದಲ್ಲಿ.

ಬೀದಿಯಲ್ಲಿ ಹೀಗೆ ದೇವರನ್ನು ಹೊತ್ತು ನಡೆಯುವುದು ಈ ದೇಶದಲ್ಲಿ ಎಂದೂ ನಿರಾತಂಕವಾಗಿದ್ದಿತೆಂದು ತಿಳಿಯಬಾರದು. ಚರ್ಚಿನ ಸಂಪತ್ತಿಗೂ ಅಧಿಕಾರಕ್ಕೂ ಕಡಿವಾಣ ಹಾಕಹೊರಟ ಸರ್ಕಾರಗಳು 19ನೆಯ ಶತಮಾನದ ನಡುವಿನಿಂದಲೇ ಬಯಲು ಪೂಜೆಯನ್ನು ಬಿಗಿಗೊಳಿಸಿದುವು. 1917ರ ಸಂವಿಧಾನವು ಸಾರ್ವಜನಿಕ ಪೂಜೆಯೆಲ್ಲ ದೇವಾಲಯದ ನಾಲ್ಕು ಗೋಡೆಗಳೊಳಗೇ ನಡೆಯಬೇಕೆಂದಿತು. 1926ರಲ್ಲಿ ಜಗಳ ವಿಕೋಪಕ್ಕೆ ಹೋಗಿ, ಜುಲೈ 31ರಂದು ಬಿಷಪ್ಪರು ದೇಶದ ಚರ್ಚುಗಳಲ್ಲಿ ಸಾರ್ವಜನಿಕ ಪೂಜೆಯನ್ನೇ ನಿಲ್ಲಿಸಿಬಿಟ್ಟರು. ಪಶ್ಚಿಮದ ಪ್ರಾಂತಗಳಲ್ಲಿ ರಕ್ತ ಹರಿಯಿತು. 1929ರ ಜೂನ್ ತಿಂಗಳಲ್ಲಿ ರಾಜಿಯಾಗುವವರೆಗೆ ಮೂರು ಕ್ರಿಸ್ಮಸ್ಸುಗಳು ಪಾದ್ರಿಯ ಪೂಜೆ ಬಹಿರಂಗವಾಗಿ ನಡೆಯದೆ ಕಳೆದುವು. ಉಳಿದದ್ದು ಮನೆ. ಕಾನೂನಿನ ಬಿಗಿ ಅಧಿಕೃತವಾಗಿ ಸಡಿಲವಾದದ್ದು 1992ರಲ್ಲಿ. ಮನೆಯ ಬಾಗಿಲಿನಲ್ಲಿ, ಪಾದ್ರಿಯ ಹಂಗಿಲ್ಲದೆ, ಅಜ್ಜಿಯೇ ಮುಂದಾಳಾಗಿ ನಡೆಸಬಹುದಾದ ಪೊಸಾದಾದಂತಹ ಆಚಾರ ಇಷ್ಟು ಗಟ್ಟಿಯಾಗಿ ಬೇರೂರಿರುವುದರ ಗುಟ್ಟು ಬಹುಶಃ ಇಲ್ಲಿಯೇ ಇದೆ.

ಮನೆಗಳಲ್ಲಿ ಬೊಂಬೆಗಳನ್ನು ಜೋಡಿಸಿ ನಾಸಿಮಿಯೆಂತೋ ಮಾಡಿರುತ್ತಾರೆ. ಪಾಚಿಯ ಹಾಸು, ಕನ್ನಡಿಯ ಕೊಳ, ಕುರಿಗಳು, ಮೂಲೆಯ ಗವಿಯಲ್ಲಿ ಹೊಂಚುವ ಸೈತಾನ, ನಡುವೆ ಕೆಂಪು ನೋಚೆಬ್ವೇನಾ. ಬೆಂಗಳೂರಿನ ತೋಟಗಳಲ್ಲಿ ಡಿಸೆಂಬರಿನಲ್ಲಿ ಕೆಂಪಾಗುವ ಪಾಯಿನ್ಸೆಟಿಯಾ ಇದೇ ಗಿಡ. ಹೂವಿನಂತೆ ಕಾಣುವುದು ಕೆಂಪಾದ ಎಲೆ. ಹೆಸರು ಬಂದದ್ದು 1825ರಲ್ಲಿ ಮೆಕ್ಸಿಕೋಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಪ್ರತಿನಿಧಿಯಾಗಿ ಬಂದ ಪಾಯಿನ್ಸೆಟ್ ಎಂಬಾತನಿಂದ. ದಸರೆಯ ಬೊಂಬೆಗಳನ್ನು ಕೂರಿಸಿ ಬೆಳೆದವರಿಗೆ ಈ ಏರ್ಪಾಟು ಹೊಸದಲ್ಲ. ಗೋದಲಿ ಮಾತ್ರ ಬರಿದಾಗಿರುವುದನ್ನು ಕಂಡು ಅವರು ಕಾರಣ ಕೇಳಿಯಾರು. 24ರ ರಾತ್ರಿ ಮಗುವಿನ ಮೂರ್ತಿಯನ್ನು ಬಟ್ಟೆಯಲ್ಲಿ ಮಲಗಿಸಿ, ಎರಡು ಕಡೆ ಹಿಡಿದು ತೂಗಿ, ಜೋಗುಳ ಹಾಡಿ, ಮನೆಯವರೆಲ್ಲ ಒಬ್ಬೊಬ್ಬರಾಗಿ ಮುತ್ತಿಟ್ಟ ಮೇಲೆಯೇ ಅದನ್ನು ಅಲ್ಲಿ ಮಲಗಿಸುವುದು. ಆಮೇಲೆ ಊಟ.

ಪ್ರವಾಸಿಗರಲ್ಲಿ ಅನೇಕರು ಇಷ್ಟಕ್ಕೆ ಹಬ್ಬ ಮುಗಿಯಿತೆಂದು ಪೆಟ್ಟಿಗೆ ಕಟ್ಟುತ್ತಾರೆ. ಅವಸರಪಡದೆ ಜನವರಿ 6ರವರೆಗೆ ನಿಂತವನಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಅಂದು ಮೂವರು ಜ್ಞಾನಿಗಳ ದಿನ, ಮಕ್ಕಳಿಗೆ ಉಡುಗೊರೆಯ ದಿನ. ಮೇಜಿನ ಮೇಲೆ ಉಂಗುರದ ಆಕಾರದ ಸಿಹಿರೊಟ್ಟಿ, ಅದರೊಳಗೆಲ್ಲೋ ಅಡಗಿರುವ ಬಾಲಯೇಸುವಿನ ಪುಟಾಣಿ ಬೊಂಬೆ. ಒಬ್ಬೊಬ್ಬರೂ ಒಂದೊಂದು ತುಂಡು ಕತ್ತರಿಸಿಕೊಳ್ಳಬೇಕು. ಬೊಂಬೆ ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಆ ಮಗುವಿನ ಧರ್ಮಪೋಷಕರು. ಫೆಬ್ರವರಿ 2ರಂದು ಮೂರ್ತಿಗೆ ಹೊಸ ಉಡುಪು ತೊಡಿಸಿ ಚರ್ಚಿಗೆ ಕೊಂಡೊಯ್ಯುವ ದಿನ, ನೆರೆದವರಿಗೆಲ್ಲ ತಮಾಲೆ ಉಣಬಡಿಸುವ ಹೊಣೆ ಅವರದು. ತಮಾಲೆ ಎಂದರೆ ಜೋಳದ ಹಿಟ್ಟಿನ ಕಡುಬು. ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು, ವಹಾಕಾದಲ್ಲಿ ಬಾಳೆಯ ಎಲೆಯಲ್ಲಿ ಸುತ್ತಿದ್ದೂ ಉಂಟು. ಚಾಕು ಬೊಂಬೆಗೆ ತಾಗೀತೆಂದು ಹೆದರಿ ಮನೆಯ ಮಕ್ಕಳು ರೊಟ್ಟಿಯ ಅಂಚನ್ನಷ್ಟೇ ಕತ್ತರಿಸುವುದೂ, ಸಿಕ್ಕಿದ ಬೊಂಬೆಯನ್ನು ಗುಟ್ಟಾಗಿ ನುಂಗಿಬಿಟ್ಟವರ ಕಥೆಗಳೂ ಅಲ್ಲಿನ ನಗೆಯ ಸಾಮಗ್ರಿ.

ಮೂರು ವಾರಗಳ ಹಿಂದೆ ಬೀದಿಯಲ್ಲಿ ಬತ್ತಿ ಹಿಡಿದು ಎಡೆ ಬೇಡಿದವನ ಸರದಿ ಬರುತ್ತದೆ. ಅವನ ತುಂಡಿನಲ್ಲಿಯೇ ಬೊಂಬೆಯ ಪುಟ್ಟ ತಲೆ ಕಾಣಿಸಿಕೊಂಡಿತೆನ್ನಿ. ಪರದೇಶದವನೆಂದು ಯಾರೂ ರಿಯಾಯಿತಿ ತೋರುವುದಿಲ್ಲ. ವಿಮಾನದ ಚೀಟಿ ಯಾವ ತಾರೀಖಿಗೆಂದು ಕೇಳುತ್ತಾರೆ; ಫೆಬ್ರವರಿ 2ಕ್ಕೆ ಮುಂಚಿನದಾದರೆ ಮುಂದಕ್ಕೆ ಹಾಕಲಾಗುವುದೇ ಎಂದು ಕೇಳುತ್ತಾರೆ; ಅದೂ ಆಗದೆಂದರೆ, ಎಷ್ಟು ಮಂದಿಗೆ ಎಷ್ಟು ತಮಾಲೆ ಬೇಕಾಗುತ್ತದೆಂದು ಅಡಿಗೆಮನೆಯಲ್ಲಿ ಲೆಕ್ಕ ಮೊದಲಾಗುತ್ತದೆ.