ಪಡೆದುದನ್ನು ಮರಳಿಸುವ ಶಿಸ್ತು

ಮದುವೆಗೆಂದು ಸಮುದಾಯ ಭವನದಿಂದ ಹಂಡೆ, ಕೊಪ್ಪರಿಗೆಗಳನ್ನು ತಂದವರು ಕೆಲಸ ಮುಗಿದೊಡನೆ ತೊಳೆದು ಮರಳಿಸುವುದು ನಮ್ಮ ಕಡೆಯ ಹಳೆಯ ರೂಢಿ. ಮರಳಿಸದಿದ್ದರೆ ಪರದಾಡುವವರು ಮುಂದಿನ ಮದುವೆಯವರು. ಗಣಕಯಂತ್ರದ ಲೋಕಕ್ಕೂ ಇದೇ ನಿಯಮವೆಂಬುದನ್ನು ನಾವು ಅರುವತ್ತು ದಾಟಿದ ಮೇಲೆ ಅರಿತೆವು.

2022ರಲ್ಲಿ ನಮಗೆ ಪರಿಚಿತವಾದ ಒಂದು ವಿದ್ಯಾರ್ಥಿನಿಲಯದ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಕಡೆಯ ದಿನ, ಮಧ್ಯಾಹ್ನದ ವೇಳೆಗೆ ಅಲ್ಲಿಯ ತಂತ್ರಾಂಶ ನಿಶ್ಚಲವಾಯಿತು. ಯಂತ್ರವನ್ನು ಆರಿಸಿ ಹೊತ್ತಿಸಿದರೆ ತುಸು ಹೊತ್ತು ನಡೆದು ಮತ್ತೆ ನಿಲ್ಲುತ್ತಿತ್ತು. ದೂರದ ಹಳ್ಳಿಯಿಂದ ಬಂದಿದ್ದ ತಂದೆ ಮತ್ತು ಮಗಳು ಕತ್ತಲಾಗುವವರೆಗೆ ಕಾದು ಬರಿಗೈಯಲ್ಲಿ ಹಿಂದಿರುಗಿದುದನ್ನು ನಾವು ಕಣ್ಣಾರೆ ಕಂಡೆವು. ಬಳಿಕ ಅದನ್ನು ಸರಿಪಡಿಸಿದ ನಮ್ಮ ತಮ್ಮನ ಮಗನು ಕಾರಣವನ್ನು ಬಿಡಿಸಿ ಹೇಳಿದನು.

ಜಾವಾ ತಂತ್ರಾಂಶವು ಡೇಟಾಬೇಸಿನೊಡನೆ ವ್ಯವಹರಿಸಲು ಕನೆಕ್ಷನ್ ಬೇಕು. ಪ್ರತಿ ಸಲವೂ ಹೊಸದನ್ನು ಏರ್ಪಡಿಸುವುದು ದುಬಾರಿಯಾದುದರಿಂದ ಕೆಲವನ್ನು 'ಪೂಲ್' ಎಂಬ ಉಗ್ರಾಣದಲ್ಲಿ ಸಿದ್ಧವಾಗಿ ಇಟ್ಟಿರುತ್ತಾರೆ. ಹಿಕಾರಿಸಿಪಿ ಎಂಬ ಪ್ರಸಿದ್ಧ ಪೂಲಿನಲ್ಲಿ, ಬೇರೆ ಸಂಖ್ಯೆ ಸೂಚಿಸದಿದ್ದರೆ, ಇವು ಹೆಚ್ಚೆಂದರೆ 10. ಹತ್ತೂ ಹೊರಗಿದ್ದರೆ ಮುಂದಿನ ಕೋರಿಕೆ 30 ಸೆಕೆಂಡು ಕಾದು ವಿಫಲವಾಗುತ್ತದೆ. ಇಲ್ಲಿ 'ಮುಚ್ಚು' ಎಂದರೆ ಉಗ್ರಾಣಕ್ಕೆ ಮರಳಿಸು ಎಂದರ್ಥ. ಆ ತಂತ್ರಾಂಶದಲ್ಲಿ ಮುಚ್ಚುವ ಸಾಲು ಇದ್ದಿತು. ಆದರೆ ಎಲ್ಲಕ್ಕೂ ಕೊನೆಯಲ್ಲಿದ್ದಿತು. ಯಾವುದೋ ಅರ್ಜಿಯಲ್ಲಿ ತಪ್ಪು ಬಂದು ಕೆಲಸ ನಡುವೆಯೇ ಮುರಿದಾಗಲೆಲ್ಲ ಆ ಸಾಲನ್ನು ತಲಪದೆ, ಒಂದೊಂದಾಗಿ ಹತ್ತೂ ಕೈತಪ್ಪಿದವು.

ಜಾವಾದಲ್ಲಿ ಕಸ ಗುಡಿಸುವ ವ್ಯವಸ್ಥೆ ಇದೆಯಲ್ಲವೇ ಎಂದು ನಾವು ಕೇಳಿದೆವು. ಇದೆ, ಆದರೆ ಅದು ನೋಡುವುದು ಯಂತ್ರದ ಸ್ಮೃತಿಯ ಜಾಗವನ್ನು ಮಾತ್ರ, ಕನೆಕ್ಷನ್ನುಗಳು ತೀರಿದುದನ್ನು ಅದು ಅರಿಯದು. ಪೂಲನ್ನು ಹಿಗ್ಗಿಸಿದರೆ ವಿಪತ್ತು ತಡವಾಗುತ್ತದೆಯೇ ಹೊರತು ಸೋರಿಕೆ ನಿಲ್ಲದು. ಡೇಟಾಬೇಸಿಗೂ ಮಿತಿಯುಂಟು, ಪೋಸ್ಟ್‌ಗ್ರೆಸ್‌ನಲ್ಲಿ ಅದು ಸಾಮಾನ್ಯವಾಗಿ 100.

2011ರಲ್ಲಿ ಬಂದ ಜಾವಾ 7ರಲ್ಲಿಯೇ ಇದಕ್ಕೆ ಪರಿಹಾರವಿದೆ. 'ಟ್ರೈ' ಪದದ ಮುಂದಿನ ಆವರಣದೊಳಗೆ ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್‌ಗಳನ್ನು ತೆರೆದರೆ, ಕೆಲಸ ಮುಗಿಯಲಿ, ಮುರಿಯಲಿ, ಕೊನೆಯಲ್ಲಿ ತೆರೆದುದು ಮೊದಲು ಎಂಬ ಕ್ರಮದಲ್ಲಿ ಅವು ತಾವಾಗಿ ಮುಚ್ಚಿಕೊಳ್ಳುತ್ತವೆ. ಹಿಕಾರಿಸಿಪಿಯಲ್ಲಿ ಸೋರಿಕೆ ಪತ್ತೆಗೆ ಅವಧಿಯೊಂದನ್ನು ಗೊತ್ತುಪಡಿಸಿದರೆ, ಅದರೊಳಗೆ ಮರಳದ ಕನೆಕ್ಷನನ್ನು ಎಲ್ಲಿ ಪಡೆಯಲಾಯಿತೆಂದು ಎಚ್ಚರಿಕೆಯೂ ದೊರೆಯುತ್ತದೆ.

ಮನೆಯಲ್ಲಿ ಈ ವಿದ್ಯೆ ಕಲಿಯುತ್ತಿರುವ ಮಕ್ಕಳಿದ್ದರೆ ಓದುಗರು ಒಂದು ಮಾತು ಕೇಳಲಿ: ತೆರೆದ ಸ್ಥಳದಲ್ಲಿಯೇ ಮುಚ್ಚುವ ಏರ್ಪಾಡು ಮಾಡಿರುವೆಯಾ? ಅವರು ಬರೆಯುವ ಸಾಲುಗಳ ಆಚೆ ಯಾರೋ ಸರದಿಗಾಗಿ ಕಾದು ನಿಂತಿರುತ್ತಾರೆ.